ಕರಬೂಜದ ಹೋಳು

ನಾನು ತವರಿಗೆ ಓಡಿಬಂದಾಗ ಹೊಸ್ತಿಲ ಮೇಲೆ ಬಿದ್ದಿದ್ದವು ಎರಡೇ — ಅಣ್ಣ ಫರೀದೂನನ ಒಂದು ಚಪ್ಪಲಿ, ಒಂದು ಹೋಳು ಕರಬೂಜ. ಹೊಸದಾಗಿ ಅಧಿಕಾರ ಹಿಡಿದ ಬಂದೂಕಿನವರು ಅವನನ್ನು ಎಳೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು.

ಒಳಗೆ ಅಪ್ಪ ನನ್ನ ಗಂಡ ತಾಹೆರನನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ತಮ್ಮ ದರ್ಜಿ ಅಂಗಡಿಯ ದೊಡ್ಡ ಕತ್ತರಿ ಅವನ ಕುತ್ತಿಗೆಯ ಮೇಲಿತ್ತು.

"ಫರೀದೂನ್ ಬಿದ್ದುಹೋದ ಸರ್ಕಾರದ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದ ಅಂತ ಈ ಪುಲೆ ಖುಮ್ರಿ ಊರಲ್ಲಿ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ. ನಾನು ಹೇಳಿಲ್ಲ, ಮಗಳು ಹೇಳಿಲ್ಲ, ಜಲೀಲ್ ಸತ್ರೂ ಹೇಳಲ್ಲ. ಸೇತುವೆ ತಪಾಸಣೆ ಹತ್ರ ಆ ಬಂದೂಕಿನವರ ಜೊತೆ ದಿನಾ ಚಹಾ ಕುಡಿಯೋನು ಯಾರೋ? ನೀನೇ ತಾನೇ?"

"ದಿನಾ ಅಲ್ಲಿ ಗಾಡಿ ಓಡಿಸೋನು, ಅವರು ಕರೆದಾಗ ಕುಡೀದೆ ಏನ್ಮಾಡಲಿ?"

ಅಷ್ಟರಲ್ಲಿ ಸೋದರಮಾವ ಜಲೀಲ್ ಬಂದರು. ಇಪ್ಪತ್ತು ವರ್ಷ ಪೊಲೀಸ್ ತನಿಖೆ ಮಾಡಿ, ಈಗ ಒಣದ್ರಾಕ್ಷಿ ಮಾರುವವರು. ಅವರು ಚಪ್ಪಲಿ ಮುಟ್ಟಲಿಲ್ಲ. ಹಣ್ಣಿನ ಹೋಳನ್ನೇ ಎತ್ತಿಕೊಂಡರು.

"ಭಾವ, ಮೊದಲು ಕತ್ತರಿ ಕೆಳಗಿಡಿ. ಇದು ನಿಮ್ಮನೇದಾ?"

"ಈ ಮನೆಗೆ ಕರಬೂಜ ಎಲ್ಲಿ ತರ್ತೀವಿ? ಒಂದು ಚೂರು ತಿಂದ್ರೂ ಅವನ ಗಂಟಲು ಊದಿಕೊಳ್ಳುತ್ತೆ! ತಂದವರು ಆ ಪಾಪಿಗಳು. ಬಾಯಿಗೆ ತುರುಕಿ, 'ತಿನ್ನೋ ಸಾರ್ಜೆಂಟ್, ಇದಂದ್ರೆ ನಿಂಗೆ ಪ್ರಾಣ ಅಲ್ವಾ' ಅಂತ ನಕ್ಕರು."

ಮಾವನ ಮುಖ ಬಿಳಿಚಿಕೊಂಡಿತು.

"ತಾಹೆರ್, ಅವನಿಗೆ ಇದು ಆಗಲ್ಲ ಅಂತ ನಿಂಗೊತ್ತಾ?"

"ಗೊತ್ತಿಲ್ದೆ? ನಮ್ಮ ಮದುವೇಲಿ ತಿಂದು ಸಾಯೋ ಹಾಗಾದಾಗ ಮದುಮಗನ ಬಟ್ಟೇಲೇ ಆಸ್ಪತ್ರೆಗೆ ಹೊತ್ಕೊಂಡು ಹೋದೋನು ನಾನು!"

"ಈ ವಾರ ಅವನು ಸೇತುವೆ ದಾಟಿದ್ನಾ?"

"ಮೊನ್ನೆ, ನನ್ನ ಗಾಡೀಲೇ. ಕಣ್ಣು ನೋಡಿ ಗುರುತು ಹೇಳೋ ಯಂತ್ರಾನ ಎಲ್ಲರ ಕಣ್ಣಿಗೂ ಹಿಡಿದ್ರು. ಅವನನ್ನ ಏನೂ ಕೇಳದೆ ಬಿಟ್ಬಿಟ್ರು."

"ಬಿಡಲಿಲ್ಲ ಕಣೋ. ಮನೆ ನೋಡೋಕೆ ಹಿಂದೆ ಬಂದ್ರು."

ಮಾವ ಅಪ್ಪನ ಕಡೆ ತಿರುಗಿದರು. "ಭಾವ, ಫರೀದೂನನ್ನ ಬಲ್ಲವರು ಯಾರೂ ಅವನಿಗೆ ಕರಬೂಜ ಇಷ್ಟ ಅನ್ನೋ ಸುಳ್ಳು ಹೇಳಿರೋಕೆ ಸಾಧ್ಯವಿಲ್ಲ. ಅದು ಇರೋದು ಒಂದೇ ಕಡೆ. ಸೈನ್ಯ ಸೇರಿದ ದಿನ ಅವನ ಕಣ್ಣು, ಹತ್ತು ಬೆರಳು, ಅಜ್ಜನ ಹೆಸರು, ಕೊನೆಗೆ ಇಷ್ಟದ ಹಣ್ಣೂ ಬರೆಸಿಕೊಂಡ್ರು. ಮುನ್ನೂರು ಹುಡುಗರ ಸಾಲು. ಗುಮಾಸ್ತ ಬೇಸತ್ತು ಎಲ್ಲರಿಗೂ ಕರಬೂಜ ಅಂತಲೇ ಬರೆದ. ನಿಮ್ಮ ಮಗ ನಕ್ಕು ಸುಮ್ಮನಾದ. ಹಿಡಿದುಕೊಟ್ಟದ್ದು ಈಗ ಇವರ ಕೈಗೆ ಸಿಕ್ಕಿರೋ ಆ ದಾಖಲೆ; ಯಂತ್ರ ಕಣ್ಣು ನೋಡಿ ತೆಗೆಯೋದು ಅದನ್ನೇ. ಅಪರಾಧಿಗಳು ಅದನ್ನ ಅಳಿಸದೆ ಬಿಟ್ಟು ವಿಮಾನ ಹತ್ತಿ ಓಡಿಹೋದ ಹಳೇ ಸರ್ಕಾರದೋರು!"

ಆ ಗುಟ್ಟನ್ನು ನಾವು ನಾಲ್ವರು ಪ್ರಾಣ ಕೈಯಲ್ಲಿ ಹಿಡಿದು ಕಾಪಾಡಿದ್ದೆವು. ಆ ದಾಖಲೆ ಅಳಿಸಲು ಅವರಿಗೆ ಒಂದು ಗಳಿಗೆ ಪುರುಸೊತ್ತಿರಲಿಲ್ಲ! ಅಣ್ಣ ಹೆಸರು ಬದಲಿಸಿದ, ಊರು ಬದಲಿಸಿದ, ಗಡ್ಡ ಬಿಟ್ಟ. ಇನ್ನೇನು, ಕಣ್ಣು ಕಿತ್ತು ಎಸೆಯಬೇಕಿತ್ತೇ?

ಅಪ್ಪ ಕತ್ತರಿ ಕೆಳಗಿಟ್ಟು ತಾಹೆರನ ಕೈ ಹಿಡಿಯಲು ಹೋದರು. ಅವನು ಕೈ ಕೊಡಲಿಲ್ಲ.

"ಗುಮಾಸ್ತ ಬರೆದದ್ದು ನಿಮಗೆ ಹೇಗೆ ಗೊತ್ತು ಮಾವ?" ಎಂದು ಕೇಳಿದೆ.

"ಹುಡುಗ ಒಳ್ಳೆಯವನು ಅಂತ ಹಿರಿಯರು ಜಾಮೀನು ನಿಲ್ಲಬೇಕಿತ್ತು ಮಗಳೇ. ಪಕ್ಕದಲ್ಲೇ ನಿಂತಿದ್ದೆ. ಅದೇ ದಾಖಲೆಯಲ್ಲಿ ನನ್ನ ಹೆಸರೂ ಇದೆ, ಕಣ್ಣೂ ಇದೆ."

ಮಾವ ಹೋಳನ್ನು ಹೊಸ್ತಿಲಾಚೆ ಎಸೆದು ತಾಹೆರನನ್ನು ಕೇಳಿದರು:

"ಊರು ಬಿಟ್ಟು ಹೋಗೋಕೆ ಆ ಯಂತ್ರ ಇಲ್ಲದ ದಾರಿ ಯಾವುದಾದ್ರೂ ಇದೆಯೇನೋ?"

ತಾಹೆರ್ ಕುತ್ತಿಗೆಯ ರಕ್ತ ಒರೆಸಿಕೊಂಡು ಗಾಡಿಯ ಕೀಲಿ ತೆಗೆದ.

"ಇಲ್ಲ ಮಾವ," ಎಂದ. "ಆದ್ರೂ ಹತ್ತಿ."