ಯಾರೋ ಓದುತ್ತಿದ್ದ ಸಾಲು

ಮೂಲೆಯ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆದರೂ ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಂಪ್ಯೂಟರಿನ ಸಂಪರ್ಕ ಕಡಿದಂತೆ ಕಾಣಲಿಲ್ಲ.

ಯಲಹಂಕದ ಆ ರಕ್ತನಿಧಿಯಲ್ಲಿ ದಾನಿಗಳ ಪಟ್ಟಿ ತೆರೆಯಲು ಹತ್ತು ನಿಮಿಷ ಹಿಡಿಯುತ್ತಿತ್ತು, ಅದಕ್ಕೇ ನನ್ನನ್ನು ಕರೆಸಿದ್ದರು. ಅಳಿಸಿದ ಹೆಸರುಗಳನ್ನು ಡೇಟಾಬೇಸ್ ದಿನವೂ ತಾನಾಗಿ ಗುಡಿಸಿ ಹಾಕಬೇಕು. ಮೂರು ವಾರದಿಂದ ಅದು ‘ಕೆಲಸ ಮುಗಿಯಿತು’ ಎಂದು ಬರೆಯುತ್ತಿತ್ತೇ ಹೊರತು ಒಂದನ್ನೂ ಗುಡಿಸಿರಲಿಲ್ಲ. ಹಳೆಯದನ್ನು ಯಾರಾದರೂ ಇನ್ನೂ ಓದುತ್ತಿದ್ದರೆ ಅದು ಪೊರಕೆ ಮುಟ್ಟುವುದಿಲ್ಲ. ಓದುತ್ತಿದ್ದದ್ದು ಮೂಲೆಯ ಈ ಕಂಪ್ಯೂಟರ್.

“ಅದ್ರ ಮುಂದೆ ಯಾರೂ ಕೂರಲ್ಲ ಸರ್,” ಎಂದರು ಕೌಂಟರಿನ ಆಶಾರಾಣಿ. “ಬೇಗ ನೋಡಿ. ಬಾಂಬೆ ಗ್ರೂಪ್ ರಕ್ತಕ್ಕೆ ಬಾಣಂತಿಯೊಬ್ಳು ಕಾಯ್ತಿದಾಳೆ. ಅಪರೂಪದ ಗ್ರೂಪು, ನಮ್ಮ ಪಟ್ಟೀಲಿ ಒಬ್ರೂ ಇಲ್ಲ.”

ಕುರ್ಚಿ ಎಳೆದು ಕೂತೆ. ಈಗಷ್ಟೇ ಯಾರೋ ಎದ್ದುಹೋದಂತೆ ಅದು ಬೆಚ್ಚಗಿತ್ತು. ಪರದೆಯ ಮೇಲೆ ಒಂದೇ ಸಾಲು: ಆನಂದಪ್ಪ, ಮಾಕಳಿ, ಬಾಂಬೆ ಗ್ರೂಪ್, ಪಕ್ಕದಲ್ಲಿ ಫೋನ್ ನಂಬರ್. ಫೋನ್ ಎತ್ತುವುದಿಲ್ಲವೆಂದು ಮೂರು ವಾರದ ಹಿಂದೆ ಅಳಿಸಿದ್ದ ಹೆಸರು. ನಾನು ಮೌಸ್ ಮುಟ್ಟಿರಲಿಲ್ಲ. ಬಾಣದ ಗುರುತು ಅಕ್ಷರಗಳ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು, ಬೆರಳಿಟ್ಟು ಓದುವವರ ಹಾಗೆ.

ಆಶಾರಾಣಿ ಆ ನಂಬರಿಗೆ ಫೋನ್ ಮಾಡಿದರು. ಆನಂದಪ್ಪ ಮೊದಲ ರಿಂಗಿಗೇ ಎತ್ತಿದರು.

“ಇಲ್ಲೇ ಇವ್ನಿ ಕಣಮ್ಮ. ಅಂಗಾದ್ರೆ ಈಗ್ಲೇ ಹೊರಟೆ.”

ಸಂಜೆಗೆ ರಕ್ತ ಆಸ್ಪತ್ರೆ ತಲುಪಿತು. ಬಾಣಂತಿ ಚೇತರಿಸಿಕೊಂಡಳೆಂದು ಸುದ್ದಿ ಬಂತು. ಅಷ್ಟರಲ್ಲಿ ಪರದೆಯ ಮೇಲೆ ಅಳಿಸಿದ್ದ ಇನ್ನೊಂದು ಹೆಸರು ಬಂದು ನಿಂತಿತ್ತು.

“ಇದನ್ನ ಆಫ್ ಮಾಡ್ಬಿಡ್ತೀನಿ,” ಎಂದೆ. “ಪಟ್ಟಿ ಸರಿಹೋಗುತ್ತೆ.”

“ಬೇಡ ಸರ್,” ಎಂದರು ಆಶಾರಾಣಿ. “ಓದ್ತಾ ಕೂತೋರನ್ನ ಎಬ್ಬಿಸ್ಬಾರ್ದು.”