ಗೊರಕೆ ಹೊಡೆಯುವ ಜೀರುಂಡೆ

ಬಹಳ ಹಿಂದೆ ಗರಿಕೆನಾಡು ಎಂಬ ರಾಜ್ಯವಿತ್ತು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲೇ ಹುಲ್ಲು. ಚಳಿಗಾಲ ಬಂತೆಂದರೆ ಹುಳುಹುಪ್ಪಟೆಗಳೆಲ್ಲ ಹುಲ್ಲಿನ ಬುಡ ಸೇರಿ ಮಲಗುತ್ತಿದ್ದವು. ಅಲ್ಲಿ ಹುಲ್ಲು ಕೊಯ್ಯುವವರಿಗೆ ಒಂದು ಕಟ್ಟಳೆ: ಬುಡ ಬಿಡಿಸಿ ನೋಡಿದವರು ಮತ್ತೆ ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ ಬರಬೇಕು.

ಆ ನಾಡಿನ ಮಾಂತ್ರಿಕ ಕೊಂಕಾಕ್ಷ ತನ್ನ ಜೀವವನ್ನು ಒಂದು ಕರಿ ಜೀರುಂಡೆಯೊಳಗಿಟ್ಟು, ಅದನ್ನು ಹುಲ್ಲುಗಾವಲಿನಲ್ಲಿ ಬಚ್ಚಿಟ್ಟ. ಹುಲ್ಲು ಕೊಯ್ಯುತ್ತಿದ್ದ ಕಾಟಯ್ಯ ಅದನ್ನು ಕಂಡ. ಕಂಡದ್ದೇ ತಪ್ಪಾಯಿತು. ಮಾಂತ್ರಿಕ ಅವನನ್ನೂ ಜೀರುಂಡೆ ಮಾಡಿ ಹುಲ್ಲಿಗೆ ಎಸೆದ.

ಮೂರನೆಯ ದಿನ ಕಾಟಯ್ಯನ ಹೆಂಡತಿ ಗಿರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಂತ್ರಿಕನೆದುರು ಬಂದು ನಿಂತಳು. "ನಮ್ಮ ಯಜಮಾನ್ರನ್ನ ಕೊಡು."

"ಮೂರು ಬುಡ ಬಿಡಿಸಿ ನೋಡು. ಹೊತ್ತು ಮುಳುಗೋದ್ರೊಳಗೆ ಸಿಕ್ಕಿದ್ರೆ ನಿನ್ನವನು. ಇಲ್ದಿದ್ರೆ ಸಾಯೋತನಕ ಹುಳವೇ," ಎಂದ ಮಾಂತ್ರಿಕ. ಅಷ್ಟು ಹುಲ್ಲಿನಲ್ಲಿ ಹೇಗೆ ಹುಡುಕುತ್ತಾಳೋ ನೋಡೋಣ ಎಂಬ ಜಂಬ ಅವನದು.

ಮೊದಲನೆಯ ಬುಡ ಬಿಡಿಸಿದಳು. ಹಾವೊಂದು ಹೆಡೆಯೆತ್ತಿತು. "ತಪ್ಪಾಯ್ತಪ್ಪ, ಮಲಕ್ಕೋ," ಎಂದು ಮಣ್ಣು ಮುಚ್ಚಿ ಒತ್ತಿದಳು. ಒಳಗಿನಿಂದ ಹಾವು ಹೇಳಿತು: "ಗಾಳಿ ಬೀಸದ ಇಳಿಜಾರಲ್ಲಿ ನೋಡವ್ವ."

ಆ ಇಳಿಜಾರಿನಲ್ಲಿ ಎರಡನೆಯ ಬುಡ ಬಿಡಿಸಿದಳು. ಕೆಂಪು ಗುಲಗಂಜಿ ಹುಳುಗಳು ಸಾವಿರಗಟ್ಟಲೆ ಒತ್ತಿಕೊಂಡು ಮಲಗಿದ್ದವು. ಅವುಗಳನ್ನೂ ಮುಚ್ಚಿ ಒತ್ತಿದಳು. ಹುಳುಗಳು ಹೇಳಿದವು: "ಪಕ್ಕದ ದೊಡ್ಡ ಬುಡ ನೋಡಕ್ಕ. ಅಲ್ಲಿಯ ಗೊರಕೆಗೆ ಮೂರು ದಿನದಿಂದ ನಮಗೆ ನಿದ್ದೆಯಿಲ್ಲ!"

ಗಿರಿಯಮ್ಮನ ಕಣ್ಣು ತುಂಬಿತು. ಹನ್ನೆರಡು ವರ್ಷ ಅದೇ ಗೊರಕೆಗೆ ಅವಳು ಬೈದಿದ್ದಳು.

ಇತ್ತ ಅವಳು ಆ ಇಳಿಜಾರಿಗೆ ಹೋದದ್ದನ್ನು ಕೊಂಕಾಕ್ಷ ದೂರದಿಂದ ಕಂಡ. ಅವನ ಜೀವದ ಜೀರುಂಡೆಯೂ ಅದೇ ಇಳಿಜಾರಿನಲ್ಲಿತ್ತು. ಯಾವ ಬುಡದಲ್ಲಿ? ಎಲ್ಲ ಬುಡಗಳೂ ಒಂದೇ ಥರ! ಓಡಿ ಬಂದವನೇ ಸಿಕ್ಕಸಿಕ್ಕ ಬುಡ ಕಿತ್ತು ಎಸೆಯತೊಡಗಿದ. ಒಂದನ್ನೂ ಮುಚ್ಚಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಕೊರೆಯುವ ಚಳಿ ನುಗ್ಗಿತು. ಅವನೇ ಕಿತ್ತೆಸೆದ ಯಾವುದೋ ಬುಡದಲ್ಲಿ ಕರಿ ಜೀರುಂಡೆ ಸೆಟೆದು ಸತ್ತಿತು. ಕೊಂಕಾಕ್ಷ ನಿಂತಲ್ಲೇ ಕೊರಡಿನಂತೆ ಬಿದ್ದ.

ಸೂರ್ಯ ಇನ್ನೇನು ಮುಳುಗಬೇಕು, ಗಿರಿಯಮ್ಮ ಮೂರನೆಯ ಬುಡ ಬಿಡಿಸಿದಳು. ಜೀರುಂಡೆಯೊಂದು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿತ್ತು.

"ರೀ, ಏಳ್ರೀ. ನಾನು."

ತಲೆತುಂಬ ಮಣ್ಣು ಮೆತ್ತಿಕೊಂಡು ಕಾಟಯ್ಯ ಎದ್ದು ಕೂತ. "ಅದ್ಯಾಕೆ ತೆಗ್ದೆ? ಚಳಿ ಹೊಡೀತದೆ, ಮುಚ್ಚೇ!"

ಗಿರಿಯಮ್ಮ ನಕ್ಕಳು, ಅತ್ತಳು. ಆಮೇಲೆ ಇಬ್ಬರೂ ಮಾಂತ್ರಿಕ ಕಿತ್ತ ಬುಡಗಳನ್ನೆಲ್ಲ ನೆಟ್ಟು, ಮುಚ್ಚಿ, ಒತ್ತಿಯೇ ಮನೆಗೆ ಹೋದರು.

ಚಳಿ ಕಳೆಯಿತು, ಹುಳುಗಳು ಎದ್ದು ಹಾರಿದವು, ಗರಿಕೆನಾಡು ಸುಖವಾಗಿತ್ತು. ಕಾಟಯ್ಯನ ಗೊರಕೆ ಮಾತ್ರ ನಿಲ್ಲಲಿಲ್ಲ. ಅದು ಕೇಳದಿದ್ದರೆ ಗಿರಿಯಮ್ಮನಿಗೂ ನಿದ್ದೆ ಹತ್ತುತ್ತಿರಲಿಲ್ಲ.