ಬುಟ್ಟಿ ಹೊರಲಾರದ ದೊರೆ

ಬಹಳ ಕಾಲದ ಹಿಂದೆ, ಮೋಡಗಳು ನೆಲಕ್ಕಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ, ಹಿರೇಗಟ್ಟ ಎಂಬ ನಾಡಿತ್ತು. ಅಲ್ಲಿ ವರ್ಷಕ್ಕೊಮ್ಮೆ ಜನ ಕೈ ಎತ್ತಿ ದೊರೆಯನ್ನು ಆರಿಸುತ್ತಿದ್ದರು.

ಒಂದು ವರ್ಷ ಧೂಮಾಕ್ಷನೆಂಬ ಮಾಂತ್ರಿಕ ಬಂದು ದೊರೆಯ ಕಟ್ಟೆಯ ಮೇಲೆ ಕೂತ. ಏಳಲೇ ಇಲ್ಲ. ಮೊದಲು ಶಾಲೆಗೆ ಬೀಗ ಹಾಕಿ ತಾಮ್ರದ ಕರಡಿಯನ್ನು ಕಾವಲಿಟ್ಟ. ಆಮೇಲೆ ಊರವರನ್ನೆಲ್ಲ ಕೆರೆ ಏರಿಗೆ ಕರೆಸಿದ.

"ಈ ಕೆರೆ ತೋಡಿದವರು ಯಾರು?"

"ನೀವೇ, ಒಡೆಯಾ," ಎಂದರು ಅಂಜಿದವರು, ಒಬ್ಬೊಬ್ಬರಾಗಿ. ಹಾಗೆಂದ ಕೂಡಲೇ ಅವರಿಗೆ ಕೆರೆ ತೋಡಿದ ನೆನಪೇ ಹೋಗುತ್ತಿತ್ತು. ಪ್ರತಿ ಉತ್ತರಕ್ಕೂ ಮಾಂತ್ರಿಕ ಒಂದು ಮೊಳ ಬೆಳೆಯುತ್ತಿದ್ದ. ಮಧ್ಯಾಹ್ನಕ್ಕೆ ತಾಳೆಮರದಷ್ಟಾದ.

ಕೊನೆಗೆ ಮಣ್ಣು ಅಗೆಯುವ ದುರ್ಗಪ್ಪನ ಸರದಿ ಬಂತು. ಹೆಂಡತಿ ಹುಲಿಗೆವ್ವ ತೀರಿಕೊಂಡು ವರ್ಷವಾಗಿತ್ತು. ಈ ಕೆರೆ ತೋಡುವಾಗ ಅವನು ಅಗೆದಿದ್ದ, ಅವಳು ಮಣ್ಣು ಹೊತ್ತಿದ್ದಳು. "ನೀವೇ" ಅಂದರೆ ಅವಳೂ ನೆನಪಿನಿಂದ ಹೋಗುತ್ತಾಳೆ. ದುರ್ಗಪ್ಪ ಒಂದು ಬುಟ್ಟಿಗೆ ಮಣ್ಣು ತುಂಬಿ ಮಾಂತ್ರಿಕನ ಮುಂದಿಟ್ಟ.

"ಬಾಯಿ ಇಲ್ಲೇನೋ?"

"ಐತ್ರಿ. ಒಂದು ಬುಟ್ಟಿ ಮಣ್ಣು ಹೊತ್ತು ತೋರಸ್ರಿ. ಕೆರೆ ತೋಡಿದವರಿಗೆ ಅದೇನು ದೊಡ್ಡದು?"

ಮಾಂತ್ರಿಕ ನಕ್ಕ. ಬುಟ್ಟಿ ತಲೆಗಿಟ್ಟ. ಜಾರಿತು. ಎರಡನೇ ಸಲ ಮಂತ್ರ ಹಾಕಿ ಇಟ್ಟ. ಮಂತ್ರಕ್ಕೆ ಮಣ್ಣು ಬಗ್ಗಲಿಲ್ಲ. ಮೂರನೇ ಸಲ ಕರಡಿಯನ್ನು ಕರೆದು ತಲೆ ಬಗ್ಗಿಸಿದ. ಕರಡಿ ಬುಟ್ಟಿ ಎತ್ತಿ, ಪೂರಾ ಅವನ ಮೂಗಿನ ಮೇಲೆ ಸುರಿಯಿತು.

ಆಗಲೇ "ನೀವೇ" ಎಂದಿದ್ದ ಮುದುಕಿ ನಾಗವ್ವನ ಬಾಯಿಂದ ತಾನಾಗಿ ಮಾತು ಬಿತ್ತು. "ಅಯ್ಯ ಇವನ! ತಲಿ ಮ್ಯಾಲೆ ಬಟ್ಟಿ ಸುತ್ತಿ ಸಿಂಬಿ ಇಟ್ಕೊಳ್ಳದ ಯಾರಾದ್ರೂ ಬುಟ್ಟಿ ಹೊರ್ತಾರೇನೋ!"

ಅವಳ ಕೈ ತನ್ನ ತಲೆಗೇ ಹೋಯಿತು. "ನನ್ನ ಸಿಂಬಿ ಹುಲಿಗೆವ್ವ ಸುತ್ತಿ ಕೊಡ್ತಿದ್ಲು. ಕೊಟ್ಟು, ಬೈತಿದ್ಲು ಬ್ಯಾರೆ!"

"ನನ್ನ ಬುಟ್ಟಿ ಎತ್ತಿ ಕೊಡ್ತಿದ್ದೋನು ದ್ಯಾಮಣ್ಣ!" ಎಂದ ಇನ್ನೊಬ್ಬ.

ಜನ ನಗುತ್ತ ಒಂದೊಂದೇ ಹೆಸರು ಕೂಗಿದರು. ಒಂದು ಹೆಸರಿಗೆ ಒಂದು ಮೊಳ ಕುಗ್ಗಿದ ಮಾಂತ್ರಿಕ ಕಡೆಗೆ ಕಪ್ಪೆಯಷ್ಟಾಗಿ ಕೆರೆಗೆ ಹಾರಿದ. ಈಗಲೂ ಅಲ್ಲಿ "ನಾನೇ, ನಾನೇ" ಅನ್ನುತ್ತಾನಂತೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕರಡಿಯ ತಾಮ್ರ ಉದುರಿತು. ಅದು ಜೇನು ಹುಡುಕಿಕೊಂಡು ಕಾಡಿಗೆ ಹೋಯಿತು. ಜನ ದುರ್ಗಪ್ಪನಿಗೆ ಕೈ ಎತ್ತಲು ಹೋದರು.

"ನನಗ ಬ್ಯಾಡ್ರಪ್ಪ. ನಾಗವ್ವಗ ಎತ್ರಿ."

ಒಂದು ವರ್ಷದ ಮಟ್ಟಿಗೆ ನಾಗವ್ವ ದೊರೆಯಾದಳು. ಶಾಲೆಯ ಬೀಗ ತೆಗೆಸಿ, ಜನ ಕೂಗಿದ ಹೆಸರುಗಳನ್ನೆಲ್ಲ ಗೋಡೆಗೆ ಬರೆಸಿದಳು. ದಿನಾ ಬೆಳಿಗ್ಗೆ ಮಕ್ಕಳು ಕೆರೆ ತೋಡಿದವರ ಹೆಸರು ಓದಲು ಶುರುಮಾಡಿದರು. ಓದು ಬಾರದ ದುರ್ಗಪ್ಪ ಅವರ ನಡುವೆ ಒತ್ತಿಕೊಂಡು ಕೂರುತ್ತಿದ್ದ. ಹುಲಿಗೆವ್ವನ ಹೆಸರು ಬಂದಾಗ ಕೈ ಎತ್ತುತ್ತಿದ್ದ.

"ಇನ್ನೊಮ್ಮೆ ಓದ್ರಿ."

"ದಿನಾ ಇದಾ ಆತಲ್ಲ ಅಜ್ಜಾ!" ಎಂದು ಮಕ್ಕಳು ನಗುತ್ತಿದ್ದರು. ನಕ್ಕು, ಓದುತ್ತಿದ್ದರು.

ಹೀಗೆ ಆ ನಾಡಿನವರು ಉಂಡುಟ್ಟು ಚೆನ್ನಾಗಿ ಬಾಳಿದರು. ಎಲ್ಲರ ಹೆಸರನ್ನೂ ದಿನಕ್ಕೊಂದು ಸಲ ಓದಿದರು. ಒಂದನ್ನು ಮಾತ್ರ ಎರಡು ಸಲ.